ಮೈದುನನ ಹುಲ್ಲು

ನಮ್ಮ ಚಿಕ್ಕಮ್ಮನ ಗೊಬ್ಬರದ ರಾಶಿ ನೋಡಲು ಈಗ ದೂರದೂರದಿಂದ ಜನ ಬರುತ್ತಾರೆ. ಎಸ್ಟೇಟಿನ ಕಲ್ಲುಮನೆ, ಕಮಾನಿನ ಕುದುರೆಲಾಯ, ಎತ್ತಿನ ನೇಗಿಲು ಎಲ್ಲದರ ಫೋಟೋ ಮುಗಿದ ಮೇಲೆ ಒಡತಿ ಅವರನ್ನು ಹಿತ್ತಿಲಿಗೆ ಕರೆತಂದು, “ಇವರೇ ನಮ್ಮ ಗೊಬ್ಬರದ ಡಾಕ್ಟ್ರು” ಎನ್ನುತ್ತಾಳೆ. ಚಿಕ್ಕಮ್ಮ ಮುಖ ತಿರುಗಿಸಿ ಸಲಿಕೆ ಹುಡುಕುತ್ತಾಳೆ. ಸಲಿಕೆ ಅವಳ ಕೈಯಲ್ಲೇ ಇರುತ್ತದೆ. ಎಂಥ ವಿನಯ ಎಂದು ಬಂದವರು ತಲೆದೂಗುತ್ತಾರೆ. ವಿನಯವಂತೆ, ಮಣ್ಣಂಗಟ್ಟಿ! ಅದು ನಾಚಿಕೆ.

ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಒಡತಿ ತನ್ನ ತಾತನ ಎಸ್ಟೇಟನ್ನು ಮತ್ತೆ ಕೈಗೆ ತೆಗೆದುಕೊಂಡಾಗ, ಗುತ್ತಿಗೆದಾರರು ಸುರಿದ ರಾಸಾಯನಿಕದಿಂದ ನೆಲ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ತಾತನ ಕಾಲದ ಬೇಸಾಯವನ್ನೇ ಮಾಡುತ್ತೇನೆ, ಒಂದು ಹನಿ ವಿಷವೂ ಗೇಟು ದಾಟಬಾರದು ಎಂದು ಅವಳು ಹಟ ಹಿಡಿದಳು. ಕೊಟ್ಟಿಗೆ ಗುಡಿಸುವವಳಾಗಿ ಸೇರಿದ್ದ ಚಿಕ್ಕಮ್ಮ ಗೊಬ್ಬರದ ಕೆಲಸಕ್ಕೆ ಬಿದ್ದದ್ದು ಆಗಲೇ. ರಾಶಿಯೊಳಗೆ ಮೊಣಕೈವರೆಗೆ ತೋಳು ತೂರಿಸಿ, “ಇನ್ನೂ ಜ್ವರ ಇದೆ, ಯಾರೂ ಮುಟ್ಬೇಡಿ” ಎಂದು ಅಪ್ಪಣೆ ಕೊಡುತ್ತಿದ್ದಳು. ನಮಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವಳಲ್ಲ. ನೆಲ ಮೆತ್ತಗಾಯಿತು, ಎರೆಹುಳು ಬಂತು, ಚಿಕ್ಕಮ್ಮನ ಕತ್ತು ಒಂದಿಷ್ಟು ಉದ್ದವಾಯಿತು.

ತಾತನ ತೋಟದ ಚುಕ್ಕೆ ಬೀನ್ಸ್ ಉಳಿದದ್ದು ಬೀಜದಜ್ಜನಿಂದ. ಎಸ್ಟೇಟಿನ ಹಳೇ ಮಾಲಿ ಅವನು. ತೋಟ ಪಾಳು ಬಿದ್ದಾಗಲೂ ತನ್ನ ಮನೆಯ ಹಿಂದೆ ವರ್ಷಾ ವರ್ಷಾ ಬೆಳೆದು ಆ ತಳಿಯನ್ನು ಕಾಪಾಡಿದ್ದ. ಬೇರೆಲ್ಲೂ ಅದು ಇರಲಿಲ್ಲ. ಒಂದು ಡಬ್ಬಿ ಬೀಜವನ್ನು ತನ್ನ ಬಳಿ ಇಟ್ಟುಕೊಂಡು ಉಳಿದದ್ದನ್ನೆಲ್ಲ ತೋಟಕ್ಕೆ ಬಿತ್ತಿದ. ಚಿಕ್ಕಮ್ಮ ಗೊಬ್ಬರ ಹಾಕಿದಳು.

ಎಡವಟ್ಟು ಇಲ್ಲೇ ಆಯಿತು. ಆ ವರ್ಷ ಹಸುಗಳಿಗೆ ಹುಲ್ಲು ಸಾಲದೆ ಹೊರಗಿನಿಂದ ತರಬೇಕಾಗಿತ್ತು. ಹುಲ್ಲು ತಂದವರನ್ನೆಲ್ಲ, ಹೊಲಕ್ಕೆ ಏನು ಹೊಡೆದಿದ್ದೀರಿ ಎಂದು ಪೊಲೀಸಿನವರಂತೆ ವಿಚಾರಿಸುತ್ತಿದ್ದ ಚಿಕ್ಕಮ್ಮ ತನ್ನ ಮೈದುನನನ್ನು ಮಾತ್ರ ಕೇಳಲಿಲ್ಲ. ಮನೆಯವನನ್ನೇ ಅನುಮಾನಿಸುವುದು ಹೇಗೆ ಎಂಬ ಸಂಕೋಚ. ಅವನು ಕಳೆನಾಶಕ ಹೊಡೆದಿದ್ದ. ಅದು ಹುಲ್ಲಿನಿಂದ ಹಸುವಿನ ಹೊಟ್ಟೆಗೆ, ಅಲ್ಲಿಂದ ಸಗಣಿಗೆ, ಸಗಣಿಯಿಂದ ಗೊಬ್ಬರಕ್ಕೆ ಇಳಿಯಿತು.

ಬೀನ್ಸ್ ಗಿಡಗಳು ಎದ್ದವು, ಎಲೆಗಳು ಮಾತ್ರ ಮುಷ್ಟಿ ಬಿಗಿದಂತೆ ಮುರುಟಿಕೊಂಡವು. ಚಿಕ್ಕಮ್ಮನಿಗೆ ಗೊಬ್ಬರದ ಮೇಲೇ ಅನುಮಾನ ಬಂತು. ಎರಡು ಕುಂಡಗಳಲ್ಲಿ ಅಂಗಡಿಯ ಬೀಜ ಹಾಕಿ, ಒಂದಕ್ಕೆ ಹಿಂದಿನ ವರ್ಷದ ಗೊಬ್ಬರ, ಇನ್ನೊಂದಕ್ಕೆ ಈ ವರ್ಷದ್ದು ಕೊಟ್ಟು ನೋಡಿದಳು. ಈ ವರ್ಷದ್ದರಲ್ಲಿ ಅದೇ ಮುರುಟು. ಮೈದುನನನ್ನು ಆಗ ಕೇಳಿದಳು. ಅವನು ಸಲೀಸಾಗಿ ಒಪ್ಪಿಕೊಂಡ.

ಅವತ್ತು ಸಂಜೆಯೇ ಅಜ್ಜ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

“ಬೀಜಕ್ಕೇ ರೋಗ ಹತ್ತಿದೆ ಕಣಮ್ಮ. ವಯಸ್ಸಾಯ್ತು, ಕಣ್ಣು ಕಾಣಲ್ಲ, ಯಾವ್ದೋ ಕೆಟ್ಟ ಗಿಡದ ಬೀಜ ಕಟ್ಟಿಟ್ಬಿಟ್ಟೆ. ತಪ್ಪು ನಂದೇ, ಅಲ್ವಾ?”

ಚಿಕ್ಕಮ್ಮ “ಹೂಂ” ಅಂದಳು.

ಅಲ್ಲ ಎನ್ನಲು ಬಾಯಿ ತೆರೆದದ್ದು ನಿಜವಂತೆ, ಬಂದದ್ದು ಮಾತ್ರ ಹೂಂ. ಡಾಕ್ಟರ ಗೊಬ್ಬರದಲ್ಲೇ ವಿಷ ಎಂದು ಗೊತ್ತಾದರೆ ಒಡತಿಯ ಮುಂದೆ ಹೇಗೆ ನಿಲ್ಲುವುದು? ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ನಾಳೆಯೇ ಆಯಿತು. ಹಸುಗಳ ಮುಂದೆ ನಿಂತು, “ನಾನು ಪಾಪಿ ಕಣ್ರೇ” ಎಂದು ಅತ್ತದ್ದನ್ನು ನಾನೇ ಕಂಡಿದ್ದೇನೆ. ಹಸುಗಳ ಮುಂದೆ ಅತ್ತು ಏನು ಪ್ರಯೋಜನ? ನಾನು ಗದರಿಸಿ ಕಾರಣ ಬಾಯಿಬಿಡಿಸಿದೆ, ಕೈ ಹಿಡಿದು ಅಜ್ಜನ ಮನೆಗೆ ಎಳೆದುಕೊಂಡು ಹೋದೆ.

ಅಜ್ಜ ಅಡುಗೆಮನೆಯಲ್ಲಿ ಒಲೆಯ ಬೂದಿ ಬಾಚುತ್ತಿದ್ದ. ಚಿಕ್ಕಮ್ಮ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹುಲ್ಲು, ಮೈದುನ, ಕುಂಡಗಳು.

“ಹಾಗಾದ್ರೆ ಬೀಜ ಚೆನ್ನಾಗೇ ಇತ್ತಾ?” ಅಜ್ಜನ ಮುಖ ಒಂದು ಗಳಿಗೆ ಅರಳಿತು.

“ಬಂಗಾರದಂಗಿತ್ತು, ಅಜ್ಜ.”

“ನಿಂಗಿದು ಯಾವಾಗ ಗೊತ್ತಾಯ್ತು?”

“ಮೊನ್ನೆ.”

ಅಜ್ಜ ಬೂದಿಯ ಮೊರವನ್ನು ನೆಲಕ್ಕಿಟ್ಟ.

“ರೋಗ ಬೇರೆ ಬೆಳೆಗೂ ಹರಡ್ಬಾರ್ದು ಅಂತ ಪಾತಿಯ ಗಿಡಾನೆಲ್ಲ ಕಿತ್ತು ತಂದೆ. ಡಬ್ಬೀಲಿದ್ದ ಬೀಜಾನೂ ಅದ್ರ ಜೊತೆಗೆ ಒಲೆಗೆ ಹಾಕ್ದೆ,” ಎಂದ. “ನಿನ್ನೆ.”