ಜೋಳಿಗೆಗೆ ಬಿದ್ದ ಮುಷ್ಟಿ ಜೋಳ

ನನ್ನ ಅತ್ತೆ ಆದೆಮ್ಮ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಂಡಾಳು, ಅಂದರೆ ಮಂಡಕ್ಕಿ, ಮಾರುತ್ತಾರೆ. ಅಳೆದು ಕೊಟ್ಟ ಮೇಲೂ ಇನ್ನೊಂದು ಹಿಡಿ ಹಾಕದಿದ್ದರೆ ಅವರ ಕೈಗೆ ಸಮಾಧಾನವಿಲ್ಲ. ಮಂಗಳವಾರ ಕಮಾನಿನಿಂದ ಕಿನ್ನರಿ ನುಡಿಸುವ ಜೋಗಿ ಬಾಗಿಲಿಗೆ ಬಂದರೂ ಅಷ್ಟೇ. ಪದ ಮುಗಿಯುವ ಮೊದಲೇ ಜೋಳಿಗೆಗೆ ಕಾಳು ಬಿದ್ದಿರುತ್ತದೆ.

ನನ್ನ ಮಗನಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ತೀರಿಹೋದ ನನ್ನ ಮಾವನ ಹೆಸರು ಮೂಕಪ್ಪ; ಮೊಮ್ಮಗನಿಗೂ ಅದನ್ನೇ ಇಡಬೇಕೆಂದು ಹಟ ಹಿಡಿದವರು ಅತ್ತೆ. ಬಾಜು ಮನೆಯ ಕುಬ್ರಾ ಬೇಗಂ ಒಮ್ಮೆ ನಗುತ್ತಾ, "ಮೂಕಪ್ಪ ಅಂತ ನೀವೇ ಕರದು, ಮಾತಾಡವಲ್ಲ ಅಂದ್ರ ಹೆಂಗ್ರೀ ಆದೆಮ್ಮ?" ಎಂದುಬಿಟ್ಟರು. ಅತ್ತೆ ಅಂದು ಊಟ ಮಾಡಲಿಲ್ಲ. ಮೊಮ್ಮಗನಿಗೆ ಮಾತು ಬರಲೆಂದು ನೇಪಾಳದ ಪಶುಪತಿನಾಥನಿಗೆ ಹರಕೆ ಹೊತ್ತರು: ಕೂಸು ತನ್ನ ಕೈಯಾರೆ ಕೊಟ್ಟ ಮುಷ್ಟಿ ಜೋಳವನ್ನು ದೇವರ ಮುಂದೆ ಸುರಿಯುವುದು.

೧೯೮೩ರಲ್ಲಿ ರಾಯಚೂರಿನಿಂದ ಕಾಶಿ, ನೇಪಾಳಕ್ಕೆ ಯಾತ್ರೆಯ ಬಸ್ಸು ಹೊರಟಿತು. ಹರಕೆಗೆ ಹೆತ್ತವಳೂ ಇರಬೇಕೆಂದು, ಮಗನನ್ನು ಮಾನ್ವಿಯ ತವರಿನಲ್ಲಿ ಬಿಟ್ಟು ನಾನೂ ಹೋದೆ. ಅವನ ಮುಷ್ಟಿಯ ಜೋಳ ಅತ್ತೆಯ ಸೆರಗಿನ ಗಂಟಿನಲ್ಲಿತ್ತು. ದಾರಿಯುದ್ದಕ್ಕೂ ಇಬ್ಬರೂ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆವು.

ಕಠ್ಮಂಡುವಿನಲ್ಲಿ, ಗುಡಿಗೆ ಹೋಗುವ ಓಣಿಯ ತಿರುವಿನಲ್ಲಿ ಇಬ್ಬರು ಕುಳಿತಿದ್ದರು. ಒಬ್ಬ ಹಾಡುತ್ತಿದ್ದ, ಇನ್ನೊಬ್ಬ, ಮುದುಕ, ಮರದ ಪುಟ್ಟ ಸಾರಂಗಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕಮಾನು ಎಳೆಯುತ್ತಿದ್ದ. ಅತ್ತೆ ನಿಂತೇಬಿಟ್ಟರು.

"ಪಾರವ್ವಾ, ನಮ್ಮ ಜೋಗಿ ಇಲ್ಲಿಗೂ ಬಂದಾನ ನೋಡಬೇ!"

ಸಂತೆಯಲ್ಲಿ ಕಲಿತ ದಖ್ಖನಿ ಉರ್ದುವಿನಲ್ಲಿ ಮುದುಕನಿಗೆ, "ಭಾಯ್, ಔರ್ ಬಜಾವ್" ಎಂದು ಇನ್ನಷ್ಟು ನುಡಿಸಲು ಹೇಳಿದರು. ಮುದುಕ ಅವರ ತಲೆಯಾಟಕ್ಕೆ ತಕ್ಕಂತೆ ರಾಗ ಎಳೆದ, ನಡುವೆ ನಿಲ್ಲಿಸಿ ಕಾಯಿಸಿದ, ಕಣ್ಣು ಮಿಟುಕಿಸಿ ಮತ್ತೆ ಎಳೆದ. ಅತ್ತೆ ಸಣ್ಣ ಹುಡುಗಿಯ ಹಾಗೆ ನಕ್ಕರು. ಮನೆ ಬಿಟ್ಟ ಮೇಲೆ ಮೊದಲ ಸಲ ಮಗನನ್ನು ಮರೆತು ನಾನೂ ಚಪ್ಪಾಳೆ ತಟ್ಟಿದೆ. ಹಾಡು ಇನ್ನೂ ಮುಗಿದಿರಲಿಲ್ಲ. ಅತ್ತೆಯ ಕೈ ಸೆರಗಿನ ಗಂಟು ಬಿಚ್ಚಿ ಅವನ ಜೋಳಿಗೆಗೆ ಜೋಳ ಸುರಿದಾಗಿತ್ತು.

ಮುದುಕ ಒಂದು ಕಾಳು ಹಿಡಿದು ನೋಡಿದ. ಅದೇನೆಂದು ತಿಳಿಯದಿದ್ದರೂ ಹಣೆಗೆ ಒತ್ತಿಕೊಂಡ. ಆಗ ಅತ್ತೆಯ ಮುಖ ಕಪ್ಪಿಟ್ಟಿತು.

"ಯವ್ವಾ... ಕೂಸಿಂದು."

"ತಡೀರಿ ಅತ್ತಿ, ತಿಳಿಸಿ ಹೇಳಿದ್ರ ವಾಪಸ್ ಕೊಡ್ತಾನ."

"ಜೋಳಿಗಿಗೆ ಬಿದ್ದ ಕಾಳಿಗೆ ಕೈ ಹಾಕ್ತಾರೇನ? ನನ್ನ ಕೈಗೆ ಬೆಂಕಿ ಹಚ್ಚ!"

ಗುಡಿಯಲ್ಲಿ ಅತ್ತೆ ಖಾಲಿ ಸೆರಗು ಒಡ್ಡಿ ನಿಂತರು. ನಾನು ಅಂಗಡಿಯಿಂದ ತಂದ ಅಕ್ಕಿ ಸುರಿದೆ. ಅದು ಮಗ ಮುಟ್ಟಿದ ಕಾಳಲ್ಲವೆಂದು ನನಗೂ ಗೊತ್ತಿತ್ತು, ದೇವರಿಗೂ ಗೊತ್ತಿತ್ತು.

ಮಾನ್ವಿಯಿಂದ ಮಗನನ್ನು ಕರೆದುಕೊಂಡು ಊರಿಗೆ ಬಂದ ಮೇಲೆ ಮಂಡಾಳು ಜರಡಿ ಹಿಡಿಯುವಾಗ ಆ ರಾಗ ತಾನಾಗಿ ಅತ್ತೆಯ ಬಾಯಿಗೆ ಬರುತ್ತಿತ್ತು. ಹರಕೆಯ ಜೋಳ ನೆನಪಾದೊಡನೆ ತುಟಿ ಕಚ್ಚಿ ನಿಲ್ಲಿಸಿಬಿಡುತ್ತಿದ್ದರು. ಮಗ ಮಾತ್ರ ಇನ್ನೂ ಬೇಕೆಂದು ಅವರ ಗದ್ದ ಹಿಡಿದು ಅಲ್ಲಾಡಿಸುತ್ತಿದ್ದ. ಒಂದು ಸಂಜೆ ಅವರು ಹಾಗೆ ನಡುವೆ ನಿಲ್ಲಿಸಿದಾಗ ಉಳಿದದ್ದನ್ನು ಅವನೇ ಗುನುಗಿದ. ಮಾತಿಲ್ಲ, ರಾಗವಷ್ಟೇ, ಎಲ್ಲೂ ತಪ್ಪಲಿಲ್ಲ.

ನಾನು ಓಡಿಬಂದು ಅವನನ್ನು ಎತ್ತಿ ಮುದ್ದಾಡಿದೆ. ಅತ್ತೆ ಜರಡಿ ಕೆಳಗಿಟ್ಟು ಅಳತೊಡಗಿದರು.

"ನೋಡವ್ವಾ, ಜೋಳ ಯಾರಿಗೆ ಮುಟ್ಟಿತೋ ಅವ ರಾಗ ಕೊಟ್ಟಾನ. ಶಿವಗ ಮುಟ್ಟಿದ್ರ ಮಾತು ಕೊಡ್ತಿದ್ದ."