ಬಾಟಲಿಯ ಮನೆತನ

ಕಳೆದ ಶನಿವಾರ ಸಂಜೆ ಮೆಟ್ರೋದಲ್ಲಿ ನಾನು ಕಳ್ಳನ ಹಾಗೆ ಕೂತಿದ್ದೆ. ತೊಡೆಯ ಮೇಲೆ ಬಂಗಾರದ ಬಣ್ಣದ ಕಾಗದದ ಚೀಲ. ಅದರೊಳಗೆ ಫ್ರಾನ್ಸಿನ ಕೆಂಪು ವೈನ್. ಕನಾಟ್ ಪ್ಲೇಸ್‌ನಿಂದ ಮಯೂರ್ ವಿಹಾರ್‌ವರೆಗೆ ಬೆನ್ನು ಸೀಟಿಗೆ ತಾಗಿದ್ದರೆ ಕೇಳಿ.

ಅಂಥ ಹೊತ್ತಿನಲ್ಲೇ ಎದುರಿಗೆ ಬಂದು ಕೂರಬೇಕಾದವರು ಯಾರು? ನಮ್ಮ ಸೊಸೈಟಿಯ ಗಣೇಶನ ಹಬ್ಬದ ಖಜಾಂಚಿ! "ಏನ್ ಸಾರ್, ಸ್ವೀಟ್ಸಾ?" ಎಂದರು. "ಹ್ಞೂಂ, ನಾಳೆ ಮನೆಗೆ ಗೆಸ್ಟು" ಎಂದೆ. (ಅರ್ಧ ನಿಜ. ಸರ್ಕಾರಿ ನೌಕರನಿಗೆ ಅಷ್ಟು ಸಾಕು.)

ಗೆಸ್ಟು ಎಂದರೆ ಅಂತಿಂಥವರಲ್ಲ. ಮಗಳು ಮೇಘನಾ ಮೆಚ್ಚಿದ ಹುಡುಗ ನಿಶಾಂತ್, ಜೊತೆಗೆ ಅವನ ಅಪ್ಪ ಅಮ್ಮ. ಇಲ್ಲೇ ಪೀತಂಪುರಾದ ಪಂಜಾಬಿಗಳು, ಭಾಟಿಯಾ ಅಂತ. ಮೊದಲ ಭೇಟಿ. ನಾನು ಹೂಂ ಅಂದರೆ ಮದುವೆ. ಇಲ್ಲದಿದ್ದರೆ? ಮಗಳು ಆ ವಿಷಯ ಎತ್ತಿಯೇ ಇಲ್ಲ. ನನಗೆ ಭಯವಾಗಿದ್ದು ಅದಕ್ಕೇ.

ಅವಳು ಕೇಳಿದ್ದು ಒಂದೇ. "ಅಪ್ಪ, ಪ್ಲೀಸ್, ನಿಶಾಂತ್ ಜೊತೆ ಸ್ವಲ್ಪ ಮಾತಾಡಿ. ಬಸ್. ಬಾಕಿ ಸಬ್ ದೇಖ್ ಲೇಂಗೆ." (ಮಿಕ್ಕದ್ದು ನೋಡಿಕೊಳ್ಳೋಣ ಅಂತ. ದೆಹಲಿಯಲ್ಲಿ ಹುಟ್ಟಿ ಬೆಳೆದ ನನ್ನ ಮಗಳ ಕನ್ನಡ ಇದು. ಇದರ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಸಲ ಗೊಣಗಿದ್ದೇನೆ, ನಿಮಗೇ ಗೊತ್ತು.)

ಮಾತಾಡುವುದೇನು ದೊಡ್ಡ ವಿಷಯ? ನನ್ನ ತಲೆ ತಿನ್ನುತ್ತಿದ್ದದ್ದು ಬೇರೆ. ಪಂಜಾಬಿಗಳಿಗೆ ಬರೀ ಕೇಸರಿಬಾತು, ಕಾಫಿ ಕೊಟ್ಟು ಕಳಿಸಿದರೆ ಏನೆಂದುಕೊಂಡಾರು? ಹಾಗಂತ ವಿಸ್ಕಿ ಇಟ್ಟರೆ ಕುಡುಕರ ಮನೆ ಅನ್ನುವುದಿಲ್ಲವೇ? ವೈನ್ ಆದರೆ ಮರ್ಯಾದಸ್ಥರದು. ಅಂಗಡಿಯವನು "ಬಜೆಟ್ ಕ್ಯಾ ಹೈ, ಸರ್?" ಎಂದಾಗ ಸುಮ್ಮನೆ ಕೆಮ್ಮಿದೆ. ಅವನಿಗೆ ಅರ್ಥವಾಯಿತು. ಕೆಳಗಿನ ಶೆಲ್ಫಿನಿಂದ ಇದನ್ನು ತೆಗೆದ.

ಜೇಬಿಗೆ ಭಾರವಲ್ಲ. ಆದರೆ ಲೇಬಲ್ ನೋಡಬೇಕು! ರೋನ್ ನದಿಯ ಬಯಲಿನ ದ್ರಾಕ್ಷಿ. ಅಜ್ಜನ ಅಜ್ಜನ ಕಾಲದಿಂದ ಒಂದೇ ಮನೆಯವರು ಮಾಡಿಕೊಂಡು ಬಂದದ್ದು. "ಖಾನ್‌ದಾನೀ ಚೀಜ್ ಹೈ" ಎಂದ, ಒಳ್ಳೆ ಮನೆತನದ ಮಾಲು ಅಂತ. ಬೀಗರ ಮುಂದೆ ಇಡಲು ಇನ್ನೇನು ಬೇಕು?

ಭಾನುವಾರ ಬೆಳಗ್ಗೆ ಫೋನಿನಲ್ಲಿ ಆ ಮನೆಯವರ ಚರಿತ್ರೆಯನ್ನೆಲ್ಲ ಓದಿದೆ. ಯಾವ ಅಣ್ಣನಿಗೆ ಯಾವ ತೋಟ, ಯಾವ ಮಗಳು ಯಾವಾಗ ಯಜಮಾನಿಕೆ ವಹಿಸಿಕೊಂಡಳು, ಎಲ್ಲ ಬಾಯಿಪಾಠ. ಬಾಟಲಿಯನ್ನು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಹಿಂದೆ ಇಟ್ಟೆ. ಕೆಂಪು ವೈನ್ ಅಷ್ಟು ತಣ್ಣಗಿರಬಾರದಂತೆ, ತೆಗೆದೆ. ಬೀರುವಿನಲ್ಲಿಟ್ಟೆ. ಅಲ್ಲಿ ಸೆಕೆ, ಮತ್ತೆ ತೆಗೆದೆ. "ಒಂದ್ ಕಡೆ ಕೂತ್ಕೊಳ್ಳಿ, ನಿಮ್ಮನ್ನ ನೋಡಿ ನಂಗೇ ತಲೆ ಸುತ್ತುತ್ತೆ" ಎಂದಳು ಹೆಂಡತಿ ಸುಮಾ. ಚೀಲವನ್ನು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಚೀಲವಿಲ್ಲ! ಹುಡುಕೋಣವೆಂದರೆ ಬಾಗಿಲಲ್ಲಿ ಬೆಲ್ಲು.

ಭಾಟಿಯಾ ಅವರ ಹೆಂಡತಿ ಒಳಗೆ ಬಂದವರೇ, ಮೊದಲು ದೇವರಿಗೆ ಕೈ ಮುಗಿಯುತ್ತೇವೆ ಎಂದರು. ಎಂಥ ಸಂಸ್ಕಾರ! ನನಗೆ ಖುಷಿಯೋ ಖುಷಿ. ಎಲ್ಲರೂ ದೇವರ ಗೂಡಿನ ಮುಂದೆ ನಿಂತೆವು.

ಅಲ್ಲಿ ಬೆಳ್ಳಿ ತಟ್ಟೆಯಲ್ಲಿ, ಎಲೆ ಅಡಿಕೆ ತೆಂಗಿನಕಾಯಿಗಳ ನಡುವೆ, ಕೊರಳಿಗೆ ಕುಂಕುಮ, ತಲೆಗೆ ಸೇವಂತಿಗೆ ಇಟ್ಟುಕೊಂಡು ಫ್ರಾನ್ಸ್ ನಿಂತಿತ್ತು.

ನಮ್ಮಮ್ಮನ ಕೆಲಸ. ಮನೆಗೆ ಹೊಸದೇನು ಬಂದರೂ ಮೊದಲು ದೇವರ ಮುಂದೆ ಹೋಗಬೇಕು. ಸೀರೆಯಾಗಲಿ, ಮಿಕ್ಸಿಯಾಗಲಿ. "ದ್ರಾಕ್ಷಿ ಚಿತ್ರ ಇತ್ತಲ್ಲೋ, ಶರಬತ್ತು ಅಂದ್ಕೊಂಡೆ" ಎಂದಳು ಮುಗ್ಧವಾಗಿ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಭಾಟಿಯಾ ಬಗ್ಗಿ ಲೇಬಲ್ ಓದಿದರು. ಹೆಂಡತಿಯ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು ನೋಡಿ, ಕಣ್ಣಲ್ಲಿ ನೀರು! ಸೌತ್ ಇಂಡಿಯನ್ ಮನೆ, ಕುಡಿಯುವ ಮಾತು ಬಾಯಲ್ಲಿ ಬಂದೀತು ಹುಷಾರ್ ಎಂದು ಆಕೆ ಒಂದು ವಾರದಿಂದ ಅವರಿಗೆ ಟ್ರೈನಿಂಗ್ ಕೊಟ್ಟಿದ್ದರಂತೆ!

"ದೇವರ ಮುಂದೆ ಇಟ್ಟದ್ದು, ಎಲ್ಲರಿಗೂ ಒಂದೊಂದು ಲೋಟ ಕೊಡಪ್ಪಾ" ಎಂದಳು ಅಮ್ಮ. ಮೇಲ್ಮನವಿಗೆ ಅವಕಾಶವೆಲ್ಲಿ? ಸ್ಟೀಲ್ ಲೋಟಗಳು ಬಂದವು. (ಅಮ್ಮನ ಲೋಟಕ್ಕೆ ಸುಮಾ ಸಮಯಕ್ಕೆ ಸರಿಯಾಗಿ ಪಾನಕ ಸುರಿದಳು.)

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಬಿಸಿಲು, ದ್ರಾಕ್ಷಿ, ಅಣ್ಣತಮ್ಮಂದಿರು, ಯಜಮಾನಿ ಮಗಳು, ಓದಿದ್ದೆಲ್ಲ ಹೊರಬಂತು. ಭಾಟಿಯಾ "ಅಚ್ಛಾ! ಅಚ್ಛಾ!" ಅನ್ನುತ್ತಲೇ ಇದ್ದರು. ನಿಶಾಂತ್ ಸೋಫಾದ ತುದಿಯಲ್ಲಿ ಕೂತಿದ್ದ. ಒಂದು ಸಲ ಗಂಟಲು ಸರಿಮಾಡಿಕೊಂಡು, ಮೇಘನಾಳ ಮುಖ ನೋಡಿ, ಮುಂದಕ್ಕೆ ಬಾಗಿದ. "ಅಂಕಲ್, ನಾನು..." ಪಾಪ, ಹಸಿದಿರಬೇಕು ಅನ್ನಿಸಿತು. "ಲೋ ಬೇಟಾ, ಲೋ" ಎಂದು ಚಕ್ಕುಲಿ ತಟ್ಟೆ ಮುಂದೆ ಹಿಡಿದು ಮತ್ತೆ ರೋನ್ ನದಿಗೆ ಇಳಿದೆ. ಆಮೇಲೂ ಅವನು ಕೆಮ್ಮಿದ ನೆನಪು. ಮತ್ತೆ ಚಕ್ಕುಲಿ ಕೊಟ್ಟೆ.

ಹೊರಡುವಾಗ ಭಾಟಿಯಾ ನನ್ನನ್ನು ತಬ್ಬಿಕೊಂಡರು. ಬಾಗಿಲು ಹಾಕಿ ಗೆದ್ದವನ ಹಾಗೆ ಅಡುಗೆಮನೆಗೆ ಬಂದೆ. ಮೇಘನಾ ಲೋಟ ತೊಳೆಯುತ್ತಿದ್ದಳು.

"ಹೇಗಿತ್ತು?" ಎಂದೆ.

ಅವಳು ತಿರುಗಲಿಲ್ಲ. "ಅವರ ಮನೆಯವರ ಬಗ್ಗೆ ಎಲ್ಲಾ ಹೇಳಿದ್ರಿ ಅಪ್ಪ."

"ಯಾರ ಮನೆಯವರು?"

"ಬಾಟಲಿ ಮನೆಯವರು." ನೀರು ನಿಲ್ಲಿಸಿದಳು. "ನಿಶಾಂತ್ ಒಂದು ತಿಂಗಳಿಂದ ನನ್ನ ಹತ್ರ ಕನ್ನಡ ಕಲೀತಿದ್ದ. ನಿಮ್ಮನ್ನ ಕನ್ನಡದಲ್ಲೇ ಕೇಳಬೇಕು ಅಂತ, ನಿಮ್ಮ ಮಗಳನ್ನ ಕೊಡ್ತೀರಾ ಅಂತ. ಶುರು ಮಾಡಿದ್ದ ಕೂಡ."

ಒಂದೇ ಒಂದು ಹಿಂದಿ ಪದ ಇಲ್ಲದೆ ನನ್ನ ಮಗಳು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಕಲಿಸುತ್ತಾ ತಾನೂ ಕಲಿತಿದ್ದಳು. ನನಗೆ ನಾಚಿಕೆಯಾಯಿತು. ಅಳುವೂ ಬಂತು.

ಈಗ ಫೋನ್ ಹಿಡಿದು ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಓಡಾಡುತ್ತಿದ್ದೇನೆ. ಆ ಹುಡುಗನಿಗೆ ಏನಂತ ಹೇಳಲಿ?

ದೆಹಲಿಯಲ್ಲಿ ಯಾರೂ ನೆಟ್ಟಗೆ ಕನ್ನಡ ಮಾತಾಡುವುದಿಲ್ಲ ಎಂದು ಗೊಣಗುವ ನಾನೇ, ಕನ್ನಡ ಆಡಲು ತೆರೆದ ಬಾಯಿಗೆ ಚಕ್ಕುಲಿ ತುರುಕಿದೆನಲ್ಲ!