ಹೂವಿನ ಬುಟ್ಟಿಯಲ್ಲಿ ಸಿಕ್ಕ ಪಿನ್ನು

ನಮ್ಮ ಹಳೇ ಕಾರಿನ ಮುಂದಿನ ಎಡಚಕ್ರ ಬಿಚ್ಚಿ, ಬಾಲ್ ಜಾಯಿಂಟನ್ನು ಸುತ್ತಿಗೆಯಲ್ಲಿ ಬಡಿದು ಹೊರಗೆ ತೆಗೆದೆ. ಬಟ್ಟಲಿನೊಳಗೆ ಬಿಗಿಯಾಗಿ ಕೂತಿರಬೇಕಾದ ಉಕ್ಕಿನ ಗುಂಡು ಎರಡೇ ಬೆರಳಿಗೆ ಲೊಡಲೊಡ ಅಲ್ಲಾಡುತ್ತಿತ್ತು. ರಬ್ಬರು ಹರಿದು, ಗ್ರೀಸು ಒಣಗಿ, ಒಳಗೆಲ್ಲ ಮರಳು. ಚಕ್ರ ಕಾರಿಗೆ ಅಂಟಿಕೊಂಡಿರುವುದೇ ಈ ಗುಂಡಿನ ಮೇಲೆ. ಹಿಂದಿನ ಭಾನುವಾರ ಇದೇ ಕಾರಿನಲ್ಲಿ ಅವ್ವನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಬಿಳಿಗಿರಿರಂಗನ ಬೆಟ್ಟ ಹತ್ತಿ ಇಳಿದಿದ್ದೆ. ತಿರುವು ತಿರುವಿಗೂ ಕಟಕಟ ಸದ್ದು. ಏನದು ಎಂದು ಹೆಂಡತಿ ಕೇಳಿದ್ದಕ್ಕೆ, ಡಿಕ್ಕಿಯಲ್ಲಿ ಜಾಕಿ ಅಲ್ಲಾಡುತ್ತಿದೆ ಎಂದು ಬಾಯಿ ಮುಚ್ಚಿಸಿದ್ದೆ. ನನಗೆ ಗೊತ್ತಿಲ್ಲದ್ದಕ್ಕೂ ನನ್ನ ಬಳಿ ಯಾವಾಗಲೂ ಒಂದು ಉತ್ತರ ಇರುತ್ತದೆ.

ನಾನು ಯಳಂದೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಾರು ಬೇಕಾಗುವುದು ಹೆಂಡತಿಗೆ. ಅವಳು ಲೊಕ್ಕನಹಳ್ಳಿ ಶಾಲೆಯಲ್ಲಿ ಮೇಡಮ್ಮು. ಜೊತೆಗೆ ಇಬ್ಬರು ಮೇಡಮ್ಮುಗಳನ್ನೂ ಹತ್ತಿಸಿಕೊಂಡು ಹನೂರಿನ ಮೇಲೆ ಹೋಗುತ್ತಾಳೆ. ಸದ್ದು ಕೇಳಿದ ಮೆಕ್ಯಾನಿಕ್ಕು, ಬಾಲ್ ಜಾಯಿಂಟು ಹೋಗಿರಬೇಕು, ಬುಧವಾರ ತನ್ನಿ ಸಾ ಎಂದಿದ್ದ. ಬುಧವಾರದವರೆಗೆ ಕಾಯುವ ಜಾಯಮಾನ ನನ್ನದಲ್ಲ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ, ಹೊಸ ಸಾಮಾನು ತಂದು, ಭಾನುವಾರ ಬೆಳಿಗ್ಗೆ ಮನೆ ಮುಂದೆಯೇ ಜಾಕಿ ಏರಿಸಿಬಿಟ್ಟೆ.

ಹೊಸ ಸಾಮಾನು ಚಕ್ರಕ್ಕೆ ಸೇರುವ ಮುನ್ನ ಅವ್ವ ಅದನ್ನು ತಟ್ಟೆಯಲ್ಲಿಟ್ಟುಕೊಂಡು ದೇವರಮನೆಗೆ ಹೋದಳು. ನಮ್ಮದು ರೇಷ್ಮೆ ಸೀರೆ ನೇಯುತ್ತಿದ್ದ ಮನೆ. ಅಪ್ಪನ ಜೊತೆಗೇ ಮಗ್ಗವೂ ಹೋಯಿತು. ಕಬ್ಬಿಣವಾಗಲಿ ಮರವಾಗಲಿ, ಕೆಲಸಕ್ಕೆ ಬರುವ ವಸ್ತುವಿಗೆ ಕುಂಕುಮ ಇಡುವ ಅವ್ವನ ಅಭ್ಯಾಸ ಮಾತ್ರ ಹೋಗಲಿಲ್ಲ. ಮೆಕ್ಯಾನಿಕ್ಕಿಗೆ ಇಲ್ಲದ ಭಾಗ್ಯ ಎಂದು ನಾನು ರೇಗಿಸಿದೆ. ಎರಡು ಜಾಯಿಂಟು, ಎರಡು ನಟ್ಟು, ಎರಡು ಪಿನ್ನು, ಎಲ್ಲವೂ ಅರಿಶಿನ ಕುಂಕುಮ ಮೆತ್ತಿಕೊಂಡು ಬಂದವು. ಪಿನ್ನು ಅಂದರೆ ಹೆಂಗಸರ ತಲೆಪಿನ್ನಿನಷ್ಟೇ ಇರುವ ತಂತಿ. ಬಿಗಿ ಮಾಡಿದ ನಟ್ಟಿನ ತೂತಿಗೆ ತೂರಿಸಿ ಅದರ ಕಾಲು ಮಡಚಬೇಕು. ಅದಿಲ್ಲದಿದ್ದರೆ ನಟ್ಟು ಅಲುಗಾಡಿ ಅಲುಗಾಡಿ ಬಿಚ್ಚಿಕೊಳ್ಳುತ್ತದೆ, ಆಮೇಲೆ ಚಕ್ರ ಮಗುಚಿಕೊಳ್ಳುತ್ತದೆ. ಎಡಗಡೆ ಮುಗಿಸಿದೆ. ಬಲಗಡೆ ಮುಗಿಯುವ ಹೊತ್ತಿಗೆ ಹನಿ ಶುರುವಾಗಿ, ಅವಸರದಲ್ಲಿ ಚಕ್ರ ಏರಿಸಿ ಒಳಗೆ ಓಡಿದೆ.

ಸೋಮವಾರ ಸೊಂಟ ಹಿಡಿದುಕೊಂಡಿತ್ತು, ರಜೆ ಹಾಕಿದೆ. ಹೆಂಡತಿ ಹೊರಟು ಅರ್ಧ ಗಂಟೆಯಾಗಿತ್ತು. ಅವ್ವ ದೇವರ ಮುಂದಿನ ಬಾಡಿದ ಹೂವನ್ನು ಬುಟ್ಟಿಗೆ ಬಳಿದು, ತೆಂಗಿನ ಬುಡಕ್ಕೆ ಹಾಕು ಎಂದು ನನ್ನ ಕೈಗೆ ಕೊಟ್ಟಳು. ಬುಟ್ಟಿ ಕವುಚಿದೆ. ಹೂವಿನ ನಡುವಿನಿಂದ ಒಂದು ಪಿನ್ನು ಬಿತ್ತು.

ಎತ್ತಿ ನೋಡಿದೆ. ಅರಿಶಿನದ ಸಂದಿಯಲ್ಲಿ ಥಳಥಳ ಹೊಳೆಯುತ್ತಿತ್ತು, ಎರಡೂ ಕಾಲು ನೆಟ್ಟಗಿದ್ದವು. ಎಡಗಡೆಯ ಪಿನ್ನಿನ ಕಾಲು ಮಡಚಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಬಲಗಡೆಯದು ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ಹೆಂಡತಿಗೆ ಫೋನು ಮಾಡಿದೆ. ಆ ಕಾಡಂಚಿನ ದಾರಿಯಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖಕ್ಕೆ ಪಿನ್ನು ಹಿಡಿದೆ.

"ನಿನ್ ಪೂಜೆ ಮನೆ ಆಳಾಗ. ನನ್ನೆಡ್ತೀನ ಕೊಂದಾಕ್ಬುಟ್ಟೆ ಕಣವ್ವ."

ಅವ್ವ ಏನೋ ಹೇಳಲು ಬಾಯಿ ತೆರೆದಳು. ನಾನು ಬಿಡಲಿಲ್ಲ. ನೀನು ಮುಟ್ಟಿದ್ದೆಲ್ಲ ಹಾಳು ಎಂದೆ, ಇನ್ನು ನನ್ನ ಸಾಮಾನಿನ ಹತ್ತಿರ ಸುಳಿಯಬೇಡ ಎಂದೆ. ಅವಳು ಮತ್ತೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯವರ ಬೈಕು ಇಸಕೊಂಡು ಹೊರಟಿದ್ದೆ.

ಹನೂರಿನವರೆಗೆ ಎಲ್ಲಿ ನಾಲ್ಕು ಜನ ಗುಂಪುಗೂಡಿದ್ದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಒಂದು ಕಡೆ ಎಮ್ಮೆ ಕೊಳ್ಳುವವರು, ಇನ್ನೊಂದು ಕಡೆ ಬಸ್ಸಿಗೆ ಕಾಯುವವರು. ಹನೂರು ದಾಟಿದ ಮೇಲೆ ಜನವೇ ಇರಲಿಲ್ಲ, ಅದು ಇನ್ನೂ ಭಯ. ಜೊತೆಗಿರುವ ಇಬ್ಬರ ಮನೆಗೆ ಏನು ಹೇಳುವುದು? ಅದಕ್ಕೂ ನನ್ನ ತಲೆ ಉತ್ತರ ಸಿದ್ಧಮಾಡುತ್ತಿತ್ತು: ನಮ್ಮವ್ವ ಹೀಗೆ ಮಾಡಿಬಿಟ್ಟಳು.

ಲೊಕ್ಕನಹಳ್ಳಿ ಶಾಲೆಯ ಹೊಂಗೆ ಮರದ ಕೆಳಗೆ ಕಾರು ನಿಂತಿತ್ತು. ನಾಲ್ಕೂ ಚಕ್ರ ನೆಟ್ಟಗೆ. ಬೈಕು ಬೀಳಿಸಿ ಮಣ್ಣಲ್ಲೇ ಮಲಗಿ ಬಲಚಕ್ರದ ಹಿಂದೆ ಮೊಬೈಲು ಬೆಳಕು ಬಿಟ್ಟೆ. ಪಿನ್ನು ಅದರ ಜಾಗದಲ್ಲೇ ಇತ್ತು. ಕಾಲು ಎರಡೂ ಕಡೆ ಒಪ್ಪವಾಗಿ ಮಡಚಿತ್ತು. ತೆವಳಿಕೊಂಡು ಹೋಗಿ ಎಡಗಡೆಯೂ ನೋಡಿದೆ, ಅಲ್ಲೂ ಇತ್ತು. ಜೇಬಿನಲ್ಲಿದ್ದ ಪಿನ್ನನ್ನು ತೆಗೆದು ಅಂಗಿಯಲ್ಲಿ ಒರೆಸಿದೆ. ಮೈತುಂಬ ಇಕ್ಕಳದ ಹಲ್ಲಿನ ಗುರುತು. ಅದು ಹಳೆಯದು. ಹಿಂದಿನ ದಿನ ನಾನೇ ಕಾಲು ನೇರ ಮಾಡಿ ಎಳೆದು, ಜಗಲಿ ಮೇಲೆ ಎಸೆದದ್ದು.

ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಹೆಂಡತಿ ಓಡಿಬಂದಳು. ಮಕ್ಕಳೆಲ್ಲ ಕಿಟಕಿಗೆ ಬಂದರು. ನಾನು ನಡೆದದ್ದನ್ನು ಹೇಳಿದೆ. ಅವಳು ಕೇಳಿದ್ದು ಒಂದೇ.

"ಅತ್ತೆಗೇನಂದ್ರಿ?"

ನಾನು ಬಿದ್ದಿದ್ದ ಬೈಕನ್ನು ಎತ್ತಿ ನಿಲ್ಲಿಸತೊಡಗಿದೆ. ಅವಳಿಗೆ ಅಷ್ಟೇ ಸಾಕಾಯಿತು. ಮೊದಲು ಮನೆಗೆ ಹೋಗಿ ಎಂದು ಕ್ಲಾಸಿಗೆ ತಿರುಗಿದಳು.

ಅವ್ವನ ಹತ್ತಿರ ಫೋನಿಲ್ಲ. ಅಷ್ಟು ಹೊತ್ತೂ ಅವಳು ಹೊಸಿಲಿನ ಮೇಲೆ ಕೂತೇ ಇದ್ದಳು. ಒಲೆ ಹಚ್ಚಿರಲಿಲ್ಲ.

"ಅವ್ಳೆಂಗವ್ಳೆ?" ಎಂದಳು.

ಚೆನ್ನಾಗಿದ್ದಾಳೆ, ಏನೂ ಆಗಿಲ್ಲ, ಪಿನ್ನು ಇತ್ತು ಎಂದೆ. ಅವ್ವ ಉಸಿರು ಬಿಟ್ಟಳು. ಆಮೇಲೆ ಮೆಲ್ಲಗೆ, "ಅದು ಅಳೇದು ಕಣಪ್ಪ, ಆಗ್ಲೇ ಏಳಕ್ಬಂದೆ, ನೀ ಬುಡ್ಲಿಲ್ಲ. ಗುಂಡು ಭಾರ ಇತ್ತು, ಜಿಡ್ಡು ಬೇರೆ. ಇದೊಂದ ಉಣಸೇಹಣ್ಣಲ್ಲಿ ತಿಕ್ಕಿ ದೇವ್ರ ಮುಂದಿಕ್ಕಿದ್ದೆ. ಇಷ್ಟ್ ದಿನ ನಮ್ಮನ್ನ ಕಾದದಲ್ಲ," ಎಂದಳು.

ಅಪ್ಪನ ಮಗ್ಗದಲ್ಲಿ ಲಾಳಿ ಸವೆದು ಕೆಲಸಕ್ಕೆ ಬಾರದಾದಾಗ ಅವ್ವ ಅದನ್ನು ತೊಳೆದು, ಕುಂಕುಮ ಇಟ್ಟು, ಒಂದು ರಾತ್ರಿ ದೇವರ ಮುಂದೆ ಇಟ್ಟೇ ಒಲೆಗೆ ಹಾಕುತ್ತಿದ್ದಳು. ಚಿಕ್ಕಂದಿನಿಂದ ನೋಡಿದ್ದೆ. ನೆನಪೇ ಆಗಲಿಲ್ಲವಲ್ಲ ಎಂದು ದಂಗಾದೆ. ಅದಕ್ಕಿಂತ ಹೆಚ್ಚಾಗಿ, ಹೆತ್ತವಳಿಗೆ ಅಂಥ ಮಾತು ಆಡಲು ನನ್ನ ನಾಲಿಗೆ ಒಂದು ಗಳಿಗೆಯೂ ತಡವರಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು. ತಪ್ಪಾಯಿತವ್ವ ಎಂದೆ. ಆಯ್ತು ಬುಡು, ಕೈಕಾಲು ತೊಳಕೊ ಎಂದು ಅವಳು ಒಲೆ ಹಚ್ಚಲು ಎದ್ದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಯುಧಪೂಜೆ ದಿನ ಕಾರು ತೊಳೆದು ನಿಲ್ಲಿಸಿದ್ದೆ. ಅವ್ವ ತಟ್ಟೆ ಹಿಡಿದು ಬಂದವಳು ಕಾರಿನಿಂದ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟಳು. ನನ್ನ ಮೊದಲ ಸ್ಲೇಟಿನಿಂದ ಹಿಡಿದು ಸೈಕಲ್ಲಿನವರೆಗೆ ಯಾವುದಕ್ಕೂ ಅವಳು ನನ್ನ ಅಪ್ಪಣೆ ಕೇಳಿದವಳಲ್ಲ.

"ಕುಂಕುಮ ಇಕ್ಲಾಪ್ಪ?" ಎಂದಳು.

ಮೊದಲ ಸಲ ನನ್ನ ಬಳಿ ಉತ್ತರ ಇರಲಿಲ್ಲ. ಅವ್ವ ತಟ್ಟೆ ಹಿಡಿದು ಅಲ್ಲೇ ಕಾಯುತ್ತಾ ನಿಂತಿದ್ದಳು.